ಮುಕ್ಕಳಿಸಿದ ನೀರು

ಗೋಕಾಕದ ನನ್ನ ದವಾಖಾನೆಯ ಕಪಾಟಿನಲ್ಲಿ ದೊಡ್ಡವ್ವನ ಕೆಳಸಾಲಿನ ಹಲ್ಲುಗಳಿವೆ. ಗಾಬರಿಯಾಗಬೇಡಿ, ಅದು ಪ್ಲಾಸ್ಟರಿನ ಅಚ್ಚು. ನಾನು ಹಲ್ಲಿನ ವೈದ್ಯೆ. ಇಂಥ ಅಚ್ಚುಗಳು ನನ್ನಲ್ಲಿ ಬೇಕಾದಷ್ಟು ಬೀಳುತ್ತವೆ, ಕೆಲಸ ಮುಗಿದ ಮೇಲೆ ಒಡೆದು ಚೆಲ್ಲುತ್ತೇನೆ. ಇದೊಂದನ್ನು ಚೆಲ್ಲಿಲ್ಲ. ಒಂದಿಷ್ಟು ಸವೆದಿದ್ದರೂ ಒತ್ತೊತ್ತಾಗಿ ಕೂತ ಗಟ್ಟಿ ಹಲ್ಲುಗಳು. ಖಡಕ್ ರೊಟ್ಟಿಯನ್ನು ಪಡಸಾಲೆಗೆ ಕೇಳುವಂತೆ ಕಡಿಯುತ್ತಿದ್ದವು. ಈಗ ಅವು ಈ ಅಚ್ಚಿನಲ್ಲಿ ಮಾತ್ರ ಇವೆ.

ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ. ಹುಕ್ಕೇರಿಯಲ್ಲಿ ನಮ್ಮದು ಕೂಡು ಮನೆ. ಅವ್ವ ಅಡುಗೆಮನೆಗೆ ಯಜಮಾನಿ, ದೊಡ್ಡವ್ವ ಉಳಿದ ಎಲ್ಲದಕ್ಕೂ ಯಜಮಾನಿ. ನಮ್ಮ ತಲೆ ಬಾಚುವುದು, ಮಗ್ಗಿ ಒಪ್ಪಿಸಿಕೊಳ್ಳುವುದು, ತಪ್ಪಿದರೆ ಬೆನ್ನಿಗೊಂದು ಗುದ್ದುವುದು ಅವಳ ಪಾಲು. ನನ್ನ ಸಿಟ್ಟು ದೊಡ್ಡವ್ವನಿಂದ ಬಂದದ್ದು ಎಂದು ಅವ್ವ ಈಗಲೂ ಹೇಳುತ್ತಾಳೆ. ಅವಳದೂ ನನ್ನದೂ ಬೇರೆ ರಕ್ತವಲ್ಲವೇ ಎಂದರೆ, ಗುದ್ದು ತಿಂದರೂ ಬರುತ್ತದೆ ಅನ್ನುತ್ತಾಳೆ.

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಕಣ್ಣು ಕೀಲಿಸಿ ಕೂಡುವುದನ್ನು ಕಲಿಸಿದವಳೂ ಅವಳೇ. ನಾನು ಮೊದಲ ಸಲ ಮುಟ್ಟಾದಾಗ, ಬಾಜೂ ಮನೆಯ ಗೆಳತಿ ಮೂಲೆ ಹಿಡಿದು ಕೂಡುವುದನ್ನು ಕಂಡಿದ್ದೆನಲ್ಲ, ಪೂಜೆಗೆ ಹೋಗದೆ ಹಿತ್ತಲಲ್ಲಿ ನಿಂತಿದ್ದೆ. ದೊಡ್ಡವ್ವ ಬಂದು ರಟ್ಟೆ ಹಿಡಿದು ಎಳೆದಳು.

“ಲಿಂಗ ಕಟ್ಟಿದವರಿಗೆ ಐದೂ ಸೂತಕ ಇಲ್ಲ. ಹುಟ್ಟಿಂದಿಲ್ಲ, ಸಾವಿಂದಿಲ್ಲ, ಜಾತಿದಿಲ್ಲ, ಮುಟ್ಟಿಂದಿಲ್ಲ, ಎಂಜಲದ್ದೂ ಇಲ್ಲ. ನಡಿ ಒಳಗ, ಕೂಡು.”

ಕೂತೆ. ಆ ಮಾತನ್ನು ನಾನು ಎಂದೂ ಮರೆಯಲಿಲ್ಲ. ಒಂದು ದಿನ ಅದನ್ನು ಅವಳಿಗೇ ತಿರುಗಿಸಿ ಹೇಳಬೇಕಾಗುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ.

ಮೂಡಲಗಿಯ ಪೇಟೆ ಬೆಳೆಯುತ್ತ ಹೋದಂತೆ ದೊಡ್ಡಪ್ಪ ಅಲ್ಲಿ ಗೋವಿನಜೋಳ, ಅರಿಷಿಣದ ಅಡತಿ ಅಂಗಡಿ ಹಾಕಿದರು. ದೊಡ್ಡವ್ವ ಅಲ್ಲಿಗೆ ಹೋದಳು. ಜೊತೆಗೆ ಅವಳ ಮಶೇರಿ ಡಬ್ಬಿಯೂ ಹೋಯಿತು. ಮಶೇರಿ ಎಂದರೆ ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಕುಟ್ಟಿದ ಪುಡಿ. ನಮ್ಮ ಕಡೆಯ ಹೆಂಗಸರು ಅದರಿಂದ ಹಲ್ಲು ತಿಕ್ಕುತ್ತಾರೆ. ಹಲ್ಲು ತಿಕ್ಕುವುದು ನೆಪ. ತಿಕ್ಕಿ ಮುಗಿದ ಮೇಲೂ ಬೆರಳು ಬಾಯಿಂದ ಹೊರಗೆ ಬರುವುದಿಲ್ಲ. ಸಂಕೇಶ್ವರದ ಸಂತೆಗೆ ಹೋದವರೆಲ್ಲ ಅವಳಿಗೆ ಒಳ್ಳೆಯ ತಂಬಾಕು ತರಬೇಕಿತ್ತು. ಹಲ್ಲಿನ ಕಾಲೇಜು ಸೇರಿದ ವರ್ಷದಿಂದ ನಾನು ಆ ಡಬ್ಬಿಯ ಮೇಲೆ ಯುದ್ಧ ಸಾರಿದ್ದೆ. “ಬೀಡಿ ಸೇದೂ ಗಂಡಸರಿಗೆ ಹೇಳು ಹೋಗವಾ, ನಾ ಏನ ಸೇದತೇನೇನು?” ಎಂದು ಅವಳು ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಎಡಗೆನ್ನೆಯ ಒಳಗೆ ಬಿಳಿ ಮಚ್ಚೆ ಬಂತು, ಆಮೇಲೆ ಹುಣ್ಣು, ಆಮೇಲೆ ಗಂಟು. ಬೆಳಗಾವಿಯ ದೊಡ್ಡ ದವಾಖಾನೆಯಲ್ಲಿ ಗಂಟನ್ನು ಕೊಯ್ದು ತೆಗೆದರು. ನಂತರ ಕರೆಂಟು ಕೊಟ್ಟರು. ನಮ್ಮಲ್ಲಿ ಆ ಕಿರಣದ ಚಿಕಿತ್ಸೆಗೆ ಎಲ್ಲರೂ ಕರೆಂಟು ಎಂದೇ ಅನ್ನುವುದು.

ಕ್ಯಾನ್ಸರ್ ಹೋಯಿತು. ದೊಡ್ಡಪ್ಪ ಓಣಿಗೆಲ್ಲ ಪೇಢಾ ಹಂಚಿದರು. ನಾನು ಮಾತ್ರ ನನ್ನ ಪಾಲಿನ ಪೇಢಾವನ್ನು ಕೈಯಲ್ಲೇ ಹಿಡಿದಿದ್ದೆ, ಏಕೆಂದರೆ ಮುಂದಿನದು ನನಗೆ ಗೊತ್ತಿತ್ತು. ಕರೆಂಟು ಗಂಟನ್ನಷ್ಟೇ ಸುಡುವುದಿಲ್ಲ, ಜೊಲ್ಲು ಸುರಿಸುವ ಗ್ರಂಥಿಗಳನ್ನೂ ಸುಡುತ್ತದೆ, ದವಡೆಯ ಎಲುಬಿನ ರಕ್ತವನ್ನೂ ಬತ್ತಿಸುತ್ತದೆ. ಜೊಲ್ಲಿಲ್ಲದ ಬಾಯಲ್ಲಿ ಹಲ್ಲು ಬೇಗ ಹುಳುಕುತ್ತದೆ. ಹುಳುಕಿತು ಎಂದು ಕೀಳುವ ಹಾಗಿಲ್ಲ. ಕಿತ್ತ ಗಾಯ ಮಾಯುವುದಿಲ್ಲ, ಎಲುಬು ಸಾಯುತ್ತದೆ. ಕೀಳದೆ ಬಿಟ್ಟರೆ ಬೇರಿನಿಂದ ಕೀವು ಇಳಿದು ಆಗಲೂ ಎಲುಬೇ ಸಾಯುತ್ತದೆ. ಅಂದರೆ ದೊಡ್ಡವ್ವನ ದವಡೆ ಉಳಿಯಬೇಕಾದರೆ ಕೆಳಸಾಲಿನ ಹಲ್ಲುಗಳು ಹುಳುಕಲೇಬಾರದು. ಆ ದವಾಖಾನೆಯವರು ಅದನ್ನು ಅವಳಿಗೂ ಹೇಳಿದರು, ನನಗೂ ಹೇಳಿದರು. ನಾನು ಎದೆಯುಬ್ಬಿಸಿ, ಹಲ್ಲಿನ ಜವಾಬ್ದಾರಿ ನನ್ನದು ಅಂದೆ.

ಅದಕ್ಕಾಗಿಯೇ ಈ ಅಚ್ಚು. ಇದರ ಮೇಲೆ ತೆಳುವಾದ ಪ್ಲಾಸ್ಟಿಕ್ಕಿನ ತಟ್ಟೆಗಳನ್ನು ಮಾಡಿಸಿದೆ, ಮೇಲಿನ ಸಾಲಿಗೊಂದು, ಕೆಳಗಿನ ಸಾಲಿಗೊಂದು. ಅವುಗಳಲ್ಲಿ ಫ್ಲೋರೈಡ್ ಜೆಲ್ ಸವರಿ, ಹಲ್ಲಿಗೆ ತೊಡಿಸಿ ಒಂದಿಷ್ಟು ಹೊತ್ತು ಕೂಡಬೇಕು, ಆಮೇಲೆ ಬರೀ ಉಗುಳಬೇಕು. ಅರ್ಧ ತಾಸು ಉಣ್ಣುವುದು, ಕುಡಿಯುವುದು, ಮುಕ್ಕಳಿಸುವುದು ಏನೂ ಇಲ್ಲ. ದಿನಾ ಮಾಡಬೇಕು, ಜೀವ ಇರುವವರೆಗೆ.

ದೊಡ್ಡಪ್ಪ ಜೆಲ್ಲಿನ ಡಬ್ಬಿಯನ್ನು ಕನ್ನಡಕ ಏರಿಸಿ ನೋಡಿದರು.

“ಏನ ಡಾಕ್ಟರಬಾಯಿ, ಬೋರಿಗೆ ಕೆಂಪು ಬಣ್ಣ ಬಳದು ಈ ನೀರು ಕುಡೀಬ್ಯಾಡ್ರಿ ಅಂತಾರಲ್ಲ, ಅದ ಫ್ಲೋರೈಡ್ ಅಲ್ಲೇನಿದು?”

“ಅದರಿ. ಉಪ್ಪು ಸಾರಿಗೆ ಹಾಕ್ಕೋತೀರಿ. ಮುಷ್ಟಿಗಟ್ಟಲೆ ತಿಂತೀರೇನ್ರಿ ದೊಡ್ಡಪ್ಪಾ? ಇದನ್ನ ನುಂಗಾಕಲ್ಲ ಕೊಟ್ಟಿದ್ದು, ಸವರಾಕ.”

“ನುಂಗಬ್ಯಾಡ ಅನ್ನೂ ಔಷಧ ಇದ ಮೊದಲ ನೋಡಿದ್ದು,” ಎಂದು ಅವರು ಡಬ್ಬಿಯನ್ನು ಅನುಮಾನದಿಂದಲೇ ಕೆಳಗಿಟ್ಟರು.

ದೊಡ್ಡವ್ವನಿಗೆ ಬೇರೆ ರೀತಿ ಹೇಳಬೇಕಿತ್ತು. ಅವಳು ಏಕೆ ಎಂದು ಕೇಳದೆ ಯಾವುದನ್ನೂ ಮಾಡುವವಳಲ್ಲ. ಹಲ್ಲು ಹಾಳು ಮಾಡುವ ಕ್ರಿಮಿಗಳು ಗಾಳಿಯಲ್ಲಿ ತೇಲಿ ಬಂದು ಕೊರೆಯುವುದಿಲ್ಲ, ಮೊದಲು ಹಲ್ಲಿಗೆ ಅಂಟಬೇಕು ಎಂದೆ. ಅಂಟಿದವು ಮನೆ ಕಟ್ಟುತ್ತವೆ, ಮನೆ ಕಟ್ಟಿದವು ನಾವು ತಿಂದ ಸಿಹಿಯನ್ನು ಹುಳಿ ಮಾಡಿ ಹಲ್ಲು ಕರಗಿಸುತ್ತವೆ. ಫ್ಲೋರೈಡ್ ಹಲ್ಲಿನ ಮೈಯನ್ನು ಗಟ್ಟಿ ಮಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದು ಕ್ರಿಮಿಗಳ ಹಿಡಿತವನ್ನೂ ಸಡಿಲಿಸುತ್ತದೆ. ಕ್ರಿಮಿ ಸಾಯುವುದಿಲ್ಲ, ಕೂಡಲು ಬರುತ್ತದೆ, ಆದರೆ ಅದರ ಕಾಲು ಮೊದಲಿನಷ್ಟು ಊರುವುದಿಲ್ಲ, ಬ್ರಷ್ಷಿನ ಒಂದು ಎಳೆತಕ್ಕೆ ಬಿಟ್ಟುಬೀಳುತ್ತದೆ. ಒಳ್ಳೆಯ ಬಾಯಲ್ಲಾದರೆ ಜೊಲ್ಲೇ ಅರ್ಧ ತೊಳೆಯುತ್ತದೆ, ನಿನಗೆ ಆ ಪುಣ್ಯ ಇಲ್ಲ ಎಂದೆ.

ದೊಡ್ಡವ್ವ ತಟ್ಟೆಯ ಒಳಗೆ ಬೆರಳಾಡಿಸಿ ನೋಡಿದಳು.

“ದ್ವಾಸಿ ಹಂಚಿಗೆ ಎಣ್ಣಿ ಕುಡಿಸಿದಂಗ ಅನ್ನು.”

“ಹೂಂ. ದಿನಾ ಕುಡಸಬೇಕು. ಒಂದ ದಿನ ಬಿಟ್ಟರ ಹಿಡಕೋತೈತಿ.”

“ತಿಳೀತು ಬಿಡು. ಹಂಚಿಂದು ನೀ ನನಗ ಹೇಳಬ್ಯಾಡ,” ಅಂದಳು.

ಇದಾದ ಮೇಲೆ ಕಲ್ಲುಸಕ್ಕರೆಯ ಕಾಟ ಶುರುವಾಯಿತು. ಒಣಗಿದ ಬಾಯಿ ಎಂದರೆ ಏನೆಂದು ಆರೋಗ್ಯವಂತರಿಗೆ ತಿಳಿಯುವುದಿಲ್ಲ. ನಾಲಿಗೆ ಅಂಗುಳಕ್ಕೆ ಹತ್ತಿಕೊಂಡು ಬಿಡುತ್ತದೆ, ಮಾತು ಅರ್ಧಕ್ಕೆ ನಿಲ್ಲುತ್ತದೆ, ತುತ್ತು ಬಾಯಲ್ಲೇ ಮಣ್ಣಾಗುತ್ತದೆ. ನೋಡಲು ಬಂದವರೆಲ್ಲ ಒಂದೊಂದು ಪೊಟ್ಟಣ ಕಲ್ಲುಸಕ್ಕರೆ ತಂದರು, ಬಾಯಲ್ಲಿಟ್ಟುಕೋ, ತಂಪಾಗುತ್ತದೆ ಎಂದು. ಮಠದಿಂದಲೂ ಉತ್ತತ್ತಿಯ ಜೊತೆ ಅದೇ ಪ್ರಸಾದ ಬಂತು. ಜೊಲ್ಲಿಲ್ಲದ ಬಾಯಲ್ಲಿ ದಿನವಿಡೀ ಸಕ್ಕರೆ! ನಾನು ಮೂಡಲಗಿಗೆ ಹೋಗಿ ಹಾರಾಡಿದೆ. ಪ್ರಸಾದಕ್ಕೆ ಬ್ಯಾಡ ಅನ್ನುವುದು ಹೇಗೆ ಎಂದು ದೊಡ್ಡಪ್ಪ ಮುಖ ಗಂಟಿಕ್ಕಿದರು. ದೊಡ್ಡವ್ವ ಏನೂ ವಾದಿಸಲಿಲ್ಲ. ಪ್ರಸಾದದ ಹರಳನ್ನು ಕಣ್ಣಿಗೊತ್ತಿಕೊಂಡು ಅಲ್ಲೇ ಆಡುತ್ತಿದ್ದ ಮೊಮ್ಮಗಳ ಬಾಯಿಗೆ ಹಾಕಿದಳು. ಅಂದಿನಿಂದ ಅವಳ ನಾಲಿಗೆಗೆ ಸಿಹಿ ತಾಗಲಿಲ್ಲ. ಚಹಾ ಕೂಡ ಸಕ್ಕರೆಯಿಲ್ಲದ್ದು. ಕಬ್ಬಿನ ಸೀಮೆಯ ಹೆಂಗಸು, ಹೋಳಿಗೆಯ ಮೇಲೆ ಮತ್ತೆ ಬೆಲ್ಲ ಹಾಕಿಕೊಂಡು ತಿನ್ನುತ್ತಿದ್ದವಳು! ಮಶೇರಿ ಡಬ್ಬಿಯನ್ನಂತೂ ಕೊಯ್ಯುವ ಮೊದಲೇ ಒಲೆಗೆ ಹಾಕಿದ್ದಳು. ಇಷ್ಟು ದೊಡ್ಡದನ್ನು ಬಿಟ್ಟವಳು ಉಳಿದದ್ದನ್ನೂ ಹೇಳಿದಂತೆ ಮಾಡುತ್ತಾಳೆ ಎಂದು ನಾನು ನಿಶ್ಚಿಂತಳಾದೆ.

ರಾತ್ರಿ ತಟ್ಟೆ ತೊಟ್ಟರೆ ಓಕರಿಕೆ ಬರುತ್ತದೆ ಅಂದಳು. ಹಾಗಾದರೆ ಮುಂಜಾನೆ ತೊಡು ಎಂದೆ. ಅವಳೇ ಹೊತ್ತು ಹೊಂದಿಸಿದಳು. ಬ್ರಷ್ ಮಾಡಿ, ಜಳಕ ಮಾಡಿ, ತಟ್ಟೆ ತೊಟ್ಟು ಉಗುಳಿ, ಪೂಜೆಗೆ ಕೂಡುವುದು. “ಅರ್ಧ ತಾಸು ಏನೂ ತಿನಬಾರದಲ್ಲ, ಆ ಹೊತ್ತು ಲಿಂಗಪೂಜಾದಾಗ ಹೋಗತೈತಿ,” ಅಂದಾಗ ನನಗೆ ಅವಳನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ನನ್ನ ದವಾಖಾನೆಗೆ ಬರುವ ಕಲಿತವರು ಯಾರೂ ಇಷ್ಟು ಚೆನ್ನಾಗಿ ಯೋಜನೆ ಹಾಕಿದ್ದಿಲ್ಲ ಎಂದು ಅವಳ ಮುಂದೆಯೇ ಹೊಗಳಿದೆ.

ಮಳೆಗಾಲ ಮುಗಿದು ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಗಿಳಿಯುವ ಹೊತ್ತಿಗೆ ದೊಡ್ಡವ್ವ ತಪಾಸಣೆಗೆ ಗೋಕಾಕಕ್ಕೆ ಬಂದಳು. ಕುರ್ಚಿಯಲ್ಲಿ ಕೂಡಿಸಿ ದೀಪ ಹಾಕಿದೆ. ಕೆಳಸಾಲಿನ ಹಲ್ಲುಗಳ ಬುಡದಲ್ಲಿ, ಒಸಡಿನ ಅಂಚಿಗೆ, ಕಂದು ಪಟ್ಟಿ. ಉಪಕರಣದ ಮೊನೆ ತಾಗಿಸಿದರೆ ಮೆತ್ತಗೆ ಒಳಗೆ ಇಳಿಯಿತು. ಹಲ್ಲಿನ ಮೇಲೆ ಬೆರಳಿಗೆ ಹತ್ತುವ ಬಿಳಿ ಪದರು. ಫ್ಲೋರೈಡ್ ಕಂಡ ಹಲ್ಲು ಹೀಗಿರುವುದಿಲ್ಲ.

“ದೊಡ್ಡವ್ವಾ, ಖರೆ ಹೇಳು. ತಟ್ಟಿ ತೊಡಾಕತ್ತಿಯೋ ಇಲ್ಲೋ?”

“ಒಂದ ದಿನ ಬಿಟ್ಟಿಲ್ಲ. ಲಿಂಗದಾಣೆ.”

ಆ ಆಣೆಯನ್ನು ಅವಳು ಸುಮ್ಮನೆ ಇಡುವವಳಲ್ಲ. ನನ್ನ ಅನುಮಾನ ದೊಡ್ಡಪ್ಪನ ಮೇಲೆ ಹೋಯಿತು. ಕೆಂಪು ಬೋರಿನ ಮಾತಾಡಿ ಹೆದರಿಸಿರಬೇಕು, ಇಲ್ಲವೇ ಡಬ್ಬಿಯನ್ನು ಎತ್ತಿಟ್ಟಿರಬೇಕು ಎಂದುಕೊಂಡು ಅವರಿಗೆ ಫೋನಿನಲ್ಲೇ ಬಾಯಿಗೆ ಬಂದಂತೆ ಅಂದೆ. ಪಾಪ, ಅವರು, “ದಿನಾ ಆ ತಟ್ಟಿ ತೊಳದು ಬಿಸಲಿಗಿ ಇಡಾಂವ ನಾನವಾ,” ಅಂದರು. ತಪ್ಪಾಯಿತು ಎಂದು ಹೇಳಿ ಫೋನು ಇಟ್ಟೆ.

ಹುಳುಕಿದ ಕಡೆ ತುಂಬಿ ಕಳಿಸಿದೆ. ಆದರೆ ಮನಸ್ಸು ತಡೆಯಲಿಲ್ಲ. ಆ ಭಾನುವಾರವೇ ಮೂಡಲಗಿ ಬಸ್ಸು ಹತ್ತಿದೆ. ಅರಭಾವಿಯವರೆಗೆ ಹಾಸ್ಟೆಲಿಗೆ ಮರಳುವ ಕಾಲೇಜಿನ ಹುಡುಗರ ಗದ್ದಲ, ಆಮೇಲೆ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿತು. ಸಂಜೆ ಏನೂ ಕೇಳಲಿಲ್ಲ. ಕಣ್ಣಾರೆ ನೋಡಬೇಕಿತ್ತು.

ಮುಂಜಾನೆ ದೊಡ್ಡವ್ವ ಎದ್ದಳು, ಮೆತ್ತಗಿನ ಬ್ರಷ್ಷಿನಿಂದ ನಾನು ತೋರಿಸಿದಂತೆಯೇ ತಿಕ್ಕಿದಳು, ಜಳಕ ಮಾಡಿದಳು. ತಟ್ಟೆಗೆ ಜೆಲ್ ಸವರಿ ತೊಟ್ಟು, ಕಟ್ಟೆಯ ಮೇಲೆ ಗಡಿಯಾರದ ಕಡೆ ಮುಖ ಮಾಡಿ ಕೂತಳು. ಹೊತ್ತಾದ ಮೇಲೆ ತೆಗೆದಳು, ಉಗುಳಿದಳು. ನಾನು ಬಾಗಿಲಲ್ಲಿ ನಿಂತು ಮನಸ್ಸಿನಲ್ಲೇ ಶಾಭಾಸ್ ಅಂದೆ. ಅವಳು ಬಚ್ಚಲ ಮೂಲೆಯ ತಂಬಿಗೆ ಎತ್ತಿಕೊಂಡಳು. ಬಾಯಿ ತುಂಬ ನೀರು ತುಂಬಿಕೊಂಡು ಗಲಗಲ ಮುಕ್ಕಳಿಸಿ ಉಗುಳಿದಳು. ಮತ್ತೊಮ್ಮೆ ಮುಕ್ಕಳಿಸಿದಳು. ಬೆರಳು ಹಾಕಿ ಹಲ್ಲುಗಳನ್ನೆಲ್ಲ ಸವರಿ, ತಂಬಿಗೆ ಬರಿದಾಗುವವರೆಗೆ ತೊಳೆದಳು. ಆಮೇಲೆ ವಿಭೂತಿ ಹಚ್ಚಿಕೊಳ್ಳಲು ಒಳಗೆ ಹೊರಟಳು.

ನಾನು ಚೀರಿದೆ. ದೊಡ್ಡವ್ವನ ಸೊಸೆ ಒಳಗಿನಿಂದ ಓಡಿ ಬಂದಳು.

“ಮುಕ್ಕಳಿಸಬ್ಯಾಡ ಅಂತ ಬಡಕೊಂಡಿರಲಿಲ್ಲೇನು ನಾನು?”

ದೊಡ್ಡವ್ವನಿಗೆ ನಾನು ಏಕೆ ಕೂಗುತ್ತಿದ್ದೇನೆ ಎಂಬುದೇ ತಿಳಿಯಲಿಲ್ಲ. “ಹೇಳೀದಿ. ಉಣ್ಣೂದಕ್ಕ, ಕುಡಿಯೂದಕ್ಕ ಹೇಳೀದಿ. ಪೂಜಾಕ್ಕ ಹೋಗೂ ಮುಂದ ಬಾಯಿ ತೊಳೀಲಾರದ ಹೆಂಗ ಹೋಗೂದು?”

“ಲಿಂಗ ಕಟ್ಟಿದವರಿಗೆ ಎಂಜಲ ಸೂತಕ ಇಲ್ಲಂತ ನೀನ ಅಲ್ಲೇನು ನನಗ ಹೇಳಿದಾಕಿ? ಹುಕ್ಕೇರಿ ಹಿತ್ತಲದಾಗ ರಟ್ಟಿ ಹಿಡದು ಎಳಕೊಂಡ ಹೋಗಿದ್ದಿ!”

“ಸೂತಕ ಅಲ್ಲವಾ ಇದು,” ಎಂದಳು ಅವಳು, ದಡ್ಡ ಹುಡುಗಿಗೆ ತಿಳಿಸಿ ಹೇಳುವವಳ ಹಾಗೆ. “ಮರ್ಯಾದಿ. ದೊಡ್ಡವರ ಮುಂದ ಹೋಗಬೇಕಾದರ ಬಾಯಾಗ ಏನರ ಇಟಗೊಂಡು ಹೋಗತಾರೇನು? ಅದರಾಗ ಅದಕ್ಕ ಪೇಪರಮಿಂಟಿನ ವಾಸನಿ ಬ್ಯಾರೆ.”

ನಾನು ಕಟ್ಟೆಯ ಮೇಲೆ ಕೂತೆ. ಇಷ್ಟು ದಿನ, ಒಂದು ದಿನವೂ ತಪ್ಪದೆ, ಅವಳು ಹಚ್ಚಿದ್ದಾಳೆ. ಇಷ್ಟು ದಿನ, ಒಂದು ದಿನವೂ ತಪ್ಪದೆ, ತೊಳೆದಿದ್ದಾಳೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಸೋಮಾರಿತನದಿಂದ ತಪ್ಪಿಸಿದ್ದರೆ ಬಯ್ಯಬಹುದಿತ್ತು. ಮರೆತಿದ್ದರೆ ನೆನಪು ಮಾಡಬಹುದಿತ್ತು. ಇವಳು ನಿಷ್ಠೆಯಿಂದಲೇ ಹಾಳುಮಾಡಿಕೊಂಡಿದ್ದಳು. ಸಿಹಿ ಬಿಟ್ಟಳು, ಮಶೇರಿ ಬಿಟ್ಟಳು, ಒಂದು ತಂಬಿಗೆ ನೀರು ಬಿಡುವುದು ಅವಳ ತಲೆಗೇ ಬರಲಿಲ್ಲ, ಏಕೆಂದರೆ ಅದು ಅವಳ ಪಾಲಿಗೆ ಹಲ್ಲಿನ ಲೆಕ್ಕಕ್ಕೆ ಸೇರಿದ್ದೇ ಅಲ್ಲ. ನನಗೆ ಅವಳ ಮೇಲೆ ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ. ಸಿಟ್ಟು ಬಂದಷ್ಟೇ ಅಳುವೂ ಬಂದಿತ್ತು.

“ಎಣ್ಣಿ ಕುಡಿಸಿದ ಹಂಚು ಸಬಕಾರ ಹಚ್ಚಿ ತಿಕ್ಕಿದರ ಏನಾಗತೈತಿ ದೊಡ್ಡವ್ವಾ?” ಎಂದು ಕೇಳಿದೆ.

ಅವಳು ಕೈಯಲ್ಲಿದ್ದ ತಂಬಿಗೆಯನ್ನು ನೋಡಿದಳು. ಆಮೇಲೆ ಅದನ್ನು ಮೆಲ್ಲಗೆ ಕೆಳಗಿಟ್ಟಳು.

“ಹಿಡಕೋತೈತಿ,” ಅಂದಳು.

ಮರುದಿನದಿಂದಲೇ ಕ್ರಮ ಬದಲಾಯಿತು. ಮೊದಲು ಮುಕ್ಕಳಿಸುವುದು, ಪೂಜೆ, ಪೂಜೆ ಮುಗಿದ ಮೇಲೆ ತಟ್ಟೆ. ಇಷ್ಟು ಸುಲಭದ ಬದಲಾವಣೆ. ಮುಂದಿನ ಸಲ ಬಂದಾಗ ಬಿಳಿ ಪದರು ಇರಲಿಲ್ಲ, ಹಲ್ಲುಗಳು ನುಣ್ಣಗೆ ಹೊಳೆದವು. ಕ್ರಿಮಿಗಳ ಕಾಲು ನಿಜವಾಗಿಯೂ ಜಾರುತ್ತಿತ್ತು. ನಾನು ಹುಚ್ಚಿಯ ಹಾಗೆ ಖುಷಿಪಟ್ಟೆ. ದೊಡ್ಡಪ್ಪ, “ಕಡ್ಲಿ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ನಮ್ಮಾಕಿಗೆ ಎರಡೂ ಉಳದಾವು,” ಎಂದು ನಕ್ಕರು. ಆದರೆ ಎಡಗಡೆಯ ಒಂದು ದವಡೆಹಲ್ಲು ಅದಾಗಲೇ ಬುಡದಲ್ಲಿ ಟೊಳ್ಳಾಗಿತ್ತು. ಕರೆಂಟು ಹೆಚ್ಚು ಬಿದ್ದದ್ದು ಆ ಕಡೆಗೇ. ಜೋಳದ ನುಚ್ಚು ತಿನ್ನುವಾಗ, ನುಚ್ಚಿನಂಥ ಮೆತ್ತಗಿನದನ್ನು ತಿನ್ನುವಾಗ, ಆ ಹಲ್ಲು ಮುರಿದು ಅವಳ ಅಂಗೈಗೆ ಬಂತು. ಬೇರು ಒಳಗೇ ಉಳಿಯಿತು.

ಕೀಳುವ ಹಾಗಿಲ್ಲ. ಬೇರಿನೊಳಗೆ ಸ್ವಚ್ಛ ಮಾಡಿ, ಔಷಧ ತುಂಬಿ, ಮುಚ್ಚಿದೆ. ಬೆಳಗಾವಿಯವರೂ ತಮ್ಮ ಕೈಲಾದದ್ದನ್ನು ಮಾಡಿದರು. ಗುಳಿಗೆಗಳು, ಇಂಜೆಕ್ಷನ್ನುಗಳು. ಯುಗಾದಿಯ ಹೊತ್ತಿಗೆ ಒಸಡಿನ ಮಧ್ಯೆ ಹಳದಿಯಾಗಿ ಏನೋ ಕಂಡಿತು. ಮುಟ್ಟಿ ನೋಡಿದೆ. ಎಲುಬು. ಮುಟ್ಟಿದರೂ ಅವಳಿಗೆ ನೋವಾಗಲಿಲ್ಲ, ಏಕೆಂದರೆ ಅದು ಸತ್ತಿತ್ತು. ಕೈಗವಸು ಕಳಚುವ ನೆಪದಲ್ಲಿ ಅವಳಿಗೆ ಬೆನ್ನು ಮಾಡಿ ನಿಂತೆ.

“ಆತೇನು?” ಎಂದಳು ಹಿಂದಿನಿಂದ.

“ಆತು ದೊಡ್ಡವ್ವಾ.”

ಬೇಸಿಗೆಯಲ್ಲಿ ಗದ್ದದ ಕೆಳಗೆ ಚರ್ಮ ಒಡೆದು ಕೀವು ಹೊರಗೆ ಬಂತು. ಮೂಡಲಗಿಯ ಮನೆ ಪೇಟೆಯ ಬೀದಿಯಲ್ಲಿತ್ತು, ದಿನವಿಡೀ ಜನ. ಅವಳು ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಒಳಕೋಣೆಯಲ್ಲಿ ಕೂಡತೊಡಗಿದಳು. ವಾಸನೆ ಅವಳಿಗೇ ತಡೆಯಲಾಗುತ್ತಿರಲಿಲ್ಲ. ಕೊನೆಗೆ ಬೆಳಗಾವಿಯಲ್ಲಿ ಎಡಗಡೆಯ ದವಡೆಯ ಎಲುಬನ್ನು ಕತ್ತರಿಸಿ ತೆಗೆದರು. ಬಲಗಡೆ ಉಳಿದಿದ್ದ ಹಲ್ಲುಗಳೂ ಹಿಡಿತ ತಪ್ಪಿ ಒಂದೊಂದಾಗಿ ಹೋದವು. ಬೇರೆ ಎಲುಬು ತಂದು ಕೂಡಿಸಲು ಅವಳ ಮೈಯಲ್ಲಿ ಶಕ್ತಿಯಿಲ್ಲ ಅಂದರು. ಮುಖ ಒಂದು ಕಡೆ ಒಳಗೆ ಹೋಯಿತು, ಕೆಳತುಟಿ ಎಡಕ್ಕೆ ಜೋತುಬಿತ್ತು.

ಮೂಡಲಗಿಗೆ ಮರಳಿ ಹೋಗಲಾರೆ ಅಂದಳು. ಅವ್ವ ಬಂದು ಹುಕ್ಕೇರಿಗೆ ಕರೆದುಕೊಂಡು ಹೋದಳು. ಈಗ ಅಂಬಲಿ, ಸೋಸಿದ ಬೇಳೆಕಟ್ಟು, ಹಾಲು ಅವಳ ಊಟ. ಅವ್ವ ಚಮಚದಿಂದ ಬಲಗಡೆಗೆ ಹಾಕುತ್ತಾಳೆ. ದೊಡ್ಡಪ್ಪ ಅಂಗಡಿ ಮಗನಿಗೆ ಬಿಟ್ಟು ವಾರದಲ್ಲಿ ಅರ್ಧದಷ್ಟು ದಿನ ಅಲ್ಲೇ ಇರುತ್ತಾರೆ. ತಟ್ಟೆ ತೊಳೆದು ಬಿಸಿಲಿಗಿಡುವ ಕೆಲಸ ಅವರಿಗೆ ಈಗಿಲ್ಲ, ಸುಮ್ಮನೆ ಕಟ್ಟೆಯ ಮೇಲೆ ಕೂತಿರುತ್ತಾರೆ.

ಹೋದ ತಿಂಗಳು ಒಂದು ಮುಂಜಾನೆ ಗೋಕಾಕದಿಂದ ಮೊದಲ ಬಸ್ಸಿಗೇ ಹೊರಟು ಹೋಗಿದ್ದೆ. ದೊಡ್ಡವ್ವನ ಜಳಕವಾಗಿತ್ತು. ಹಿತ್ತಲ ಬಾಗಿಲಲ್ಲಿ, ನಾನು ಹುಡುಗಿಯಾಗಿದ್ದಾಗ ನಿಂತಿದ್ದ ಜಾಗದಲ್ಲಿಯೇ ನಿಂತು ತಂಬಿಗೆ ಎತ್ತಿಕೊಂಡಿದ್ದಳು. ನನ್ನನ್ನು ಅವಳು ನೋಡಿರಲಿಲ್ಲ. ನೀರನ್ನು ಬಾಯಿಗೆ ಹಾಕಿಕೊಂಡಳು. ನಿಲ್ಲಲಿಲ್ಲ. ಎಡತುಟಿಯಿಂದ ಇಳಿದು ಗದ್ದ, ಕುತ್ತಿಗೆ, ಹೊಸದಾಗಿ ಉಟ್ಟ ಸೀರೆ ಎಲ್ಲ ತೋಯ್ದವು. ತಲೆಯನ್ನು ಬಲಕ್ಕೆ ವಾಲಿಸಿ ಇನ್ನೊಮ್ಮೆ ಹಾಕಿಕೊಂಡಳು. ಆಗಲೂ ನಿಲ್ಲಲಿಲ್ಲ. ತಂಬಿಗೆ ಕೆಳಗಿಟ್ಟು, ಸೆರಗಿನ ತುದಿಯನ್ನು ತೋಯಿಸಿ ತುಟಿಗಳನ್ನಷ್ಟೇ ಒರೆಸಿಕೊಂಡಳು. ತಿರುಗಿದಾಗ ಅವಳಿಗೆ ನಾನು ಕಂಡೆ.

ಅವಳ ಮಾತು ಈಗ ನಮಗೆ ಮನೆಯವರಿಗೆ ಮಾತ್ರ ತಿಳಿಯುತ್ತದೆ. ತುಟಿ ಕೂಡುವ ಅಕ್ಷರಗಳು ಹಾರಿಹೋಗುತ್ತವೆ, ಆದರೂ ತಿಳಿಯುತ್ತದೆ.

“ಈಗ ಬಿಟ್ಟೇನಿ ನೋಡವಾ,” ಅಂದಳು. “ಮುಕ್ಕಳಿಸೂದು ಬಿಟ್ಟೇನಿ. ಸಿಟ್ಟ ಇಳೀತೇನ ನಿಂದು?”

ಅಳಬಾರದು ಎಂದುಕೊಂಡಿದ್ದೆ, ಅತ್ತೆ. ಅವಳು ಹತ್ತಿರ ಬಂದು, ಸಣ್ಣವಳಿದ್ದಾಗ ಹಿಡಿದಂತೆಯೇ ನನ್ನ ರಟ್ಟೆ ಹಿಡಿದಳು.

“ಚಾ ಕುಡದ ಬಂದಿಯೇನು?”

“ಹೂಂ. ಬಸ್ ಸ್ಟ್ಯಾಂಡಿನಾಗ.”

“ಹಂಗಾರ ಬಾಯಿ ಮುಕ್ಕಳಿಸಿ ಬಾ. ನಂದೂ ಸೇರಿಸಿ ಮುಕ್ಕಳಿಸು. ಪೂಜಾಕ್ಕ ಕೂಡೂಣು.”

ತಂಬಿಗೆಯಲ್ಲಿ ಅರ್ಧ ನೀರು ಉಳಿದಿತ್ತು. ಅದನ್ನು ತೆಗೆದುಕೊಂಡು ಬಚ್ಚಲಿಗೆ ಹೋಗಿ ಬಾಯಿ ತುಂಬ ತುಂಬಿಕೊಂಡು ಮುಕ್ಕಳಿಸಿದೆ, ಅವಳಿಗೆ ಒಳಗೆ ಕೇಳಿಸುವ ಹಾಗೆ ಗಲಗಲ ಸದ್ದು ಮಾಡಿ.